‘ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ’ ಎಂದು ಬರೆದ ಮೇಲೆ

ಮಿಲಿಟರಿ ಆಸ್ಪತ್ರೆಯ ಉದ್ದನೆಯ ಪಡಸಾಲೆ. ಗೋಡೆಗೆ ತಾಗಿಸಿದ ಬೆಂಚಿನ ಮೇಲೆ ಏಳೆಂಟು ಮಂದಿ ಕೂತಿದ್ದಾರೆ. ಎಲ್ಲರೂ ನಲವತ್ತರ ಆಚೀಚೆಯವರು. ನಾಯಕ್, ಹವಾಲ್ದಾರ್, ಒಬ್ಬಿಬ್ಬರು ಸುಬೇದಾರರು. ತೊಡೆಯ ಮೇಲೆ ಫೈಲು, ಅದರೊಳಗೆ ಇಸಿಜಿ ಪಟ್ಟಿ, ಎಕ್ಸ್‌ರೇ, ಹಳೆಯ ಆಸ್ಪತ್ರೆ ಚೀಟಿಗಳು. ಒಬ್ಬನಿಗೆ ಬಿ.ಪಿ., ಇನ್ನೊಬ್ಬನಿಗೆ ಸೊಂಟದ ಮೂಳೆಯ ನೋವು, ಮೂರನೆಯವನಿಗೆ ಎಡಗಿವಿ ಸರಿಯಾಗಿ ಕೇಳಿಸದು. ಇನ್ನು ಕೆಲವೇ ತಿಂಗಳಲ್ಲಿ ಇವರೆಲ್ಲ ಸಮವಸ್ತ್ರ ಬಿಚ್ಚಿಟ್ಟು ಊರಿಗೆ ಹೊರಡುವವರು.

ಹೆಸರು ಕೂಗಿದಾಗ ಒಬ್ಬೊಬ್ಬರೇ ಒಳಗೆ ಹೋಗುತ್ತಾರೆ. ಮೇಜಿನ ಆಚೆ ಸೇನೆಯ ವೈದ್ಯಾಧಿಕಾರಿಗಳು. ಕಾಯಿಲೆ ಯಾವಾಗ ಶುರುವಾಯಿತು, ಆಗ ಎಲ್ಲಿ ಪೋಸ್ಟಿಂಗ್ ಇತ್ತು, ತಂದೆ ತಾಯಿಗೆ ಬಿ.ಪಿ., ಸಕ್ಕರೆ ಕಾಯಿಲೆ ಇತ್ತೇ ಎಂದು ಕೇಳುತ್ತಾರೆ. ಉತ್ತರಗಳು ಒಂದು ನಮೂನೆಯಲ್ಲಿ ತುಂಬುತ್ತವೆ. ಕೊನೆಗೆ ತೋರಿಸಿದ ಕಡೆ ರುಜು. ಇದೇ ರಿಲೀಸ್ ಮೆಡಿಕಲ್ ಬೋರ್ಡ್. ಕೆಳ ವೈದ್ಯಕೀಯ ದರ್ಜೆಯಲ್ಲಿ ನಿವೃತ್ತನಾಗುವ ಸೈನಿಕ ಇದನ್ನು ದಾಟಿಯೇ ಮನೆಗೆ ಹೋಗಬೇಕು.

ಆಮೇಲೆ ಒಂದು ದಿನ ಮನೆಗೆ ಪತ್ರ ಬರುತ್ತದೆ. ನಿಮ್ಮ ಕಾಯಿಲೆ ಸೇನಾ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಆದ್ದರಿಂದ ಅಂಗವೈಕಲ್ಯ ಪಿಂಚಣಿಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ ಎಂಬುದು ಅದರ ಸಾರಾಂಶ. ಪತ್ರದಲ್ಲಿರುವ ‘ನೈದರ್ ಆಟ್ರಿಬ್ಯೂಟಬಲ್ ನಾರ್ ಆಗ್ರವೇಟೆಡ್’ ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಫೌಜಿಗಳು ಇದನ್ನು ‘ನಾನಾ’ ಎನ್ನುತ್ತಾರೆ. ‘ನನ್ನದು ನಾನಾ ಆಗಿಹೋಯ್ತು ಸಾರ್’ ಎಂದರೆ ಮಾಜಿ ಸೈನಿಕರ ನಡುವೆ ಮತ್ತೆ ವಿವರಿಸಬೇಕಿಲ್ಲ.

ಬಹಳ ಮಂದಿ ಆ ಪತ್ರವನ್ನು ಮಡಿಸಿ ಟ್ರಂಕಿನಲ್ಲಿಟ್ಟು ಸುಮ್ಮನಾಗುತ್ತಾರೆ. ಡಾಕ್ಟರರೇ ಬರೆದ ಮೇಲೆ ಮುಗಿಯಿತು ಎಂಬ ಭಾವನೆ ಅವರದು. ಆದರೆ ಕಾನೂನಿನ ಕಣ್ಣಲ್ಲಿ ಅದು ಮುಗಿದ ಮಾತಲ್ಲ. ಮೆಡಿಕಲ್ ಬೋರ್ಡ್ ಬರೆದದ್ದು ಒಂದು ಅಭಿಪ್ರಾಯ. ಅಭಿಪ್ರಾಯಕ್ಕೆ ಬೆಲೆ ಬರುವುದು ಅದರ ಹಿಂದಿನ ಕಾರಣದಿಂದ. ಕಾರಣವಿಲ್ಲದ ಅಭಿಪ್ರಾಯವನ್ನು ಪ್ರಶ್ನಿಸಬಹುದು. ಪ್ರಶ್ನಿಸಿ ಗೆದ್ದವರು ದೇಶದ ತುಂಬ ಇದ್ದಾರೆ.

ಎರಡು ಪ್ರಶ್ನೆ, ಒಂದು ಅಂಕಿ

ಅಂಗವೈಕಲ್ಯ ಪಿಂಚಣಿ ಎಂದ ಕೂಡಲೇ ಯುದ್ಧದಲ್ಲಿ ಕಾಲು ಕಳೆದುಕೊಂಡವರ ಚಿತ್ರ ಕಣ್ಣ ಮುಂದೆ ಬರುತ್ತದೆ. ಯುದ್ಧದ ಗಾಯಕ್ಕೆ ಇರುವುದು ಬೇರೆಯೇ ಪಿಂಚಣಿ, ಅದರ ಮೊತ್ತವೂ ಹೆಚ್ಚು. ಇಲ್ಲಿ ಹೇಳುತ್ತಿರುವುದು ಬಂದೂಕಿನ ಗುಂಡಿಗೆ ಸಂಬಂಧಿಸದ ಕಾಯಿಲೆಗಳ ಮಾತು. ರಕ್ತದೊತ್ತಡ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಕಿವುಡುತನ, ಬೆನ್ನುಮೂಳೆಯ ಸವಕಳಿ, ಮನೋರೋಗ ಇವೆಲ್ಲ ಇದರಲ್ಲಿ ಬರುತ್ತವೆ.

ಬೋರ್ಡ್ ಉತ್ತರಿಸಬೇಕಾದ ಪ್ರಶ್ನೆ ಎರಡು. ಈ ಕಾಯಿಲೆ ಸೇವೆಯಿಂದ ಬಂತೇ? ಸೇವೆಯಿಂದ ಬರದಿದ್ದರೂ ಸೇವೆಯ ಪರಿಸ್ಥಿತಿಯಿಂದ ಹೆಚ್ಚಾಯಿತೇ? ಎರಡರಲ್ಲಿ ಒಂದಕ್ಕೆ ‘ಹೌದು’ ಎಂದರೆ ಸಾಕು. ಇದರ ಜೊತೆಗೆ ಅಂಗವೈಕಲ್ಯದ ಪ್ರಮಾಣ ಎಷ್ಟು ಶೇಕಡಾ ಎಂಬ ಅಂಕಿಯನ್ನೂ ಬೋರ್ಡ್ ಬರೆಯುತ್ತದೆ. ಅದು ಶೇ 20 ಅಥವಾ ಹೆಚ್ಚಿರಬೇಕು.

ಶೇ 30 ಎಂದು ಬರೆದರೆ ಸಿಗುವುದು ಶೇ 30ರ ಲೆಕ್ಕವಲ್ಲ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದರ ಮೇಲಿನದನ್ನು 100 ಎಂದೂ ಹಿಡಿಯುವ ಪದ್ಧತಿ 1996ರಿಂದ ಇದೆ. ಮೊದಲು ಇದು ಕಾಯಿಲೆಯ ಕಾರಣಕ್ಕೆ ಅವಧಿಗೆ ಮುಂಚೆ ಸೇವೆಯಿಂದ ಹೊರಬಿದ್ದವರಿಗೆ ಮಾತ್ರ ಎಂದು ಸರ್ಕಾರ ವಾದಿಸಿತ್ತು. ಪೂರ್ಣಾವಧಿ ಮುಗಿಸಿ ನಿವೃತ್ತರಾದವರಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿ, ಸರ್ಕಾರದ ನೂರಾರು ಮೇಲ್ಮನವಿಗಳನ್ನು ಒಟ್ಟಿಗೆ ವಜಾ ಮಾಡಿತು.

ಮನೆಯ ಲೆಕ್ಕಕ್ಕೆ ಇದನ್ನು ಇಳಿಸಿ ನೋಡೋಣ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಸಿಗುತ್ತದೆ. ಹವಾಲ್ದಾರರೊಬ್ಬರ ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ ಅದು 12,000. ಬೋರ್ಡ್ ಶೇ 30 ಬರೆದು, ಅದು 50 ಎಂದಾದರೆ ತಿಂಗಳಿಗೆ 6,000, ಅದರ ಮೇಲೆ ತುಟ್ಟಿಪರಿಹಾರ. ಮಾಮೂಲಿ ಪಿಂಚಣಿಯ ಜೊತೆಗೆ ಸೇರುವ ಹಣ ಇದು. ಇಪ್ಪತ್ತು ಮೂವತ್ತು ವರ್ಷ ಮಾತ್ರೆ ನುಂಗಬೇಕಾದ ಮನೆಯಲ್ಲಿ ಈ ಮೊತ್ತ ಸಣ್ಣದಲ್ಲ.

ಪೂರ್ಣಾವಧಿಗೆ ಮೊದಲೇ ಕಾಯಿಲೆಯಿಂದ ಹೊರಬಿದ್ದವರ ಪಾಡು ಇನ್ನೂ ಕಠಿಣ. ಮಾಮೂಲಿ ಪಿಂಚಣಿಗೆ ಬೇಕಾದ 15 ವರ್ಷದ ಸೇವೆ ಅವರಿಗೆ ಆಗಿರುವುದಿಲ್ಲ. ಹತ್ತು ವರ್ಷವೂ ತುಂಬದವರಿಗೆ ‘ನಾನಾ’ ಎಂದರೆ ತಿಂಗಳ ಪಿಂಚಣಿಯೇ ಇಲ್ಲ ಎಂಬ ಸ್ಥಿತಿ ಬಹುಕಾಲ ಇತ್ತು. 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಇಂಥವರಿಗೂ ಇನ್‌ವ್ಯಾಲಿಡ್ ಪಿಂಚಣಿ ಕೊಡಲು ಒಪ್ಪಿತು. ಆದರೆ 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ ಮಾತ್ರ ಎಂಬ ಗೆರೆ ಎಳೆಯಿತು.

ನಿಯಮ ಯಾರ ಪರ?

ಸೈನಿಕನೇ ತನ್ನ ಕಾಯಿಲೆಗೆ ಸೇವೆಯೇ ಕಾರಣ ಎಂದು ರುಜುವಾತು ಮಾಡಬೇಕು ಎಂದು ಹೆಚ್ಚಿನವರು ತಿಳಿದಿದ್ದಾರೆ. ಸೇನೆಯ ನಿಯಮವೇ ಹಾಗೆ ಹೇಳುವುದಿಲ್ಲ. 1982ರ ಅರ್ಹತಾ ನಿಯಮಗಳ ತಿರುಳು ಇಷ್ಟು: ಸೇನೆಗೆ ಸೇರುವಾಗ ವೈದ್ಯರು ತಪಾಸಣೆ ಮಾಡಿ ಆರೋಗ್ಯವಂತ ಎಂದು ತೆಗೆದುಕೊಂಡಿದ್ದಾರೆ, ಆಗ ಯಾವ ಕಾಯಿಲೆಯನ್ನೂ ದಾಖಲಿಸಿಲ್ಲ. ಮುಂದೆ ಕಾಯಿಲೆಯ ಕಾರಣಕ್ಕೇ ಮನೆಗೆ ಕಳಿಸುವಾಗ, ಆರೋಗ್ಯ ಕೆಟ್ಟದ್ದು ಸೇವೆಯಿಂದ ಎಂದೇ ಭಾವಿಸಬೇಕು. ಅರ್ಜಿದಾರ ಅರ್ಹತೆಯನ್ನು ರುಜುವಾತು ಮಾಡಬೇಕಿಲ್ಲ. ಸಮಂಜಸವಾದ ಸಂಶಯವಿದ್ದರೆ ಅದರ ಲಾಭ ಅವನಿಗೆ ಸಲ್ಲಬೇಕು.

ಇದಕ್ಕೊಂದು ಹೊರಬಾಗಿಲೂ ಇದೆ. ಸೇರ್ಪಡೆಯ ತಪಾಸಣೆಯಲ್ಲಿ ಪತ್ತೆಯಾಗಲು ಸಾಧ್ಯವಿಲ್ಲದ ಕಾಯಿಲೆ ಇದು ಎಂದು ವೈದ್ಯಕೀಯ ಮಂಡಳಿ ಹೇಳಬಹುದು. ಆದರೆ ಸುಮ್ಮನೆ ಹೇಳುವಂತಿಲ್ಲ, ಕಾರಣ ಕೊಟ್ಟು ಹೇಳಬೇಕು ಎಂದು ಅದೇ ನಿಯಮ ಬರೆದಿಟ್ಟಿದೆ.

ಈ ಮಾತನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿದದ್ದು 2013ರ ಜುಲೈ 2ರಂದು, ಧರ್ಮವೀರ್ ಸಿಂಗ್ ಪ್ರಕರಣದಲ್ಲಿ. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸಿಪಾಯಿಯಾಗಿ ಸೇರಿದ ಇವರನ್ನು ಸುಮಾರು ಒಂಬತ್ತು ವರ್ಷದ ಸೇವೆಯ ಬಳಿಕ ಮೂರ್ಛೆರೋಗದ ಕಾರಣಕ್ಕೆ, ಶೇ 20 ಅಂಗವೈಕಲ್ಯ ಎಂದು ಬರೆದು ಮನೆಗೆ ಕಳಿಸಲಾಗಿತ್ತು. ಪಿಂಚಣಿ ಕೇಳಿದರೆ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂಬ ಉತ್ತರ ಬಂತು.

ನ್ಯಾಯಾಲಯ ಬೋರ್ಡಿನ ನಮೂನೆಯನ್ನೇ ಮುಂದಿಟ್ಟುಕೊಂಡು ಕಾಲಂ ಕಾಲಂ ಓದಿತು. ಸೇವೆಗೆ ಸೇರುವ ಮೊದಲು ಈ ಕಾಯಿಲೆ ಇತ್ತೇ ಎಂಬಲ್ಲಿ ‘ಇಲ್ಲ’ ಎಂದಿತ್ತು. ಸಂಬಂಧವಿಲ್ಲ ಎಂದಾದರೆ ಕಾಯಿಲೆಗೆ ಕಾರಣವೇನು, ಬರೆಯಿರಿ ಎಂದು ಕೇಳುವ ಕಾಲಂ ಒಂದಿದೆ. ಅಲ್ಲಿ ಇದ್ದದ್ದು, ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ ಎಂಬ ಅದೇ ಮಾತು. ಪ್ರಶ್ನೆಯನ್ನೇ ತಿರುಗಿಸಿ ಉತ್ತರವಾಗಿ ಬರೆದಿದ್ದರು. ಸೇರುವಾಗ ಕಾಯಿಲೆ ದಾಖಲಾಗಿಲ್ಲ, ಪತ್ತೆಯಾಗದ ಕಾಯಿಲೆ ಎಂಬುದಕ್ಕೆ ಕಾರಣ ಕೊಟ್ಟಿಲ್ಲ. ಹೀಗಿರುವಾಗ ನಿಯಮದ ಲಾಭ ಸೈನಿಕನಿಗೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಅಂದಿನಿಂದ ಇಂದಿನವರೆಗೆ ಅಂಗವೈಕಲ್ಯ ಪಿಂಚಣಿಯ ವ್ಯಾಜ್ಯದಲ್ಲಿ ವಕೀಲರು ಮೊದಲು ಹೆಸರಿಸುವುದು ಈ ತೀರ್ಪನ್ನೇ. 2014 ಮತ್ತು 2015ರ ಇನ್ನೆರಡು ತೀರ್ಪುಗಳು ಇದನ್ನು ಗಟ್ಟಿ ಮಾಡಿದವು. ಕಾಯಿಲೆಯ ಕಾರಣಕ್ಕೇ ಸೇವೆಯಿಂದ ತೆಗೆದಿದ್ದರೆ ಅಂಗವೈಕಲ್ಯ ಶೇ 20ಕ್ಕಿಂತ ಹೆಚ್ಚೇ ಎಂದು ಭಾವಿಸಬೇಕು ಎಂದು 2014ರದು ಸೇರಿಸಿತು.

‘ಪೀಸ್ ಸ್ಟೇಷನ್’ ಎಂಬ ಷರಾ

ತಿರಸ್ಕಾರದ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಷರಾ ಒಂದಿದೆ. ಕಾಯಿಲೆ ಕಾಣಿಸಿಕೊಂಡದ್ದು ಪೀಸ್ ಸ್ಟೇಷನ್ನಿನಲ್ಲಿ, ಆದ್ದರಿಂದ ಸೇವೆಯ ಒತ್ತಡ ಕಾರಣವಲ್ಲ ಎಂಬುದು. ಗಡಿ, ಹಿಮಪ್ರದೇಶ, ಉಗ್ರರ ವಿರುದ್ಧದ ಕಾರ್ಯಾಚರಣೆ ಇವು ಫೀಲ್ಡ್. ಉಳಿದ ದಂಡುಪ್ರದೇಶಗಳು ಪೀಸ್. ರಕ್ತದೊತ್ತಡ ಫೀಲ್ಡಿನಲ್ಲಿದ್ದಾಗ, ಎತ್ತರದ ಹಿಮಪ್ರದೇಶದಲ್ಲಿದ್ದಾಗ ಅಥವಾ ದೀರ್ಘಕಾಲ ಹಡಗಿನಲ್ಲಿದ್ದಾಗ ಬಂದರೆ ಸೇವೆಯಿಂದ ಉಲ್ಬಣಿಸಿದ್ದು ಎಂದು ಪರಿಗಣಿಸಬಹುದು ಎನ್ನುತ್ತದೆ ಸೇನಾ ವೈದ್ಯರ ಮಾರ್ಗದರ್ಶಿ. ಹೃದಯಾಘಾತವಾದರೆ ಅದಕ್ಕೆ ಹಿಂದಿನ 14 ದಿನ ಏನು ಕೆಲಸ ಮಾಡುತ್ತಿದ್ದ ಎಂಬ ಪಟ್ಟಿಯನ್ನು ಕಮಾಂಡಿಂಗ್ ಅಧಿಕಾರಿಯಿಂದ ತರಿಸಿ ನೋಡಬೇಕು.

ಕಾಯಿಲೆ ಹೀಗೆ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ರಕ್ತದೊತ್ತಡ ಏರುತ್ತಿರುವುದು ವರ್ಷಗಟ್ಟಲೆ ಗೊತ್ತೇ ಆಗದು. ಹಿಮಪ್ರದೇಶದ ಪಾಳಿ ಮುಗಿಸಿ, ಕಾಶ್ಮೀರದ ಒಂದು ಅವಧಿ ಮುಗಿಸಿ, ಕೊನೆಗೆ ಊರ ಹತ್ತಿರದ ದಂಡಿಗೆ ಬಂದು ವಾರ್ಷಿಕ ತಪಾಸಣೆಗೆ ಕೈ ಚಾಚಿದಾಗ ಯಂತ್ರ 160 ತೋರಿಸುತ್ತದೆ. ಪತ್ತೆಯಾದ ಸ್ಥಳ ಪೀಸ್ ಸ್ಟೇಷನ್. ಬೆಳೆದ ಸ್ಥಳ ಅದೇ ಎಂದು ಹೇಳುವುದು ಹೇಗೆ? ಪೀಸ್ ಸ್ಟೇಷನ್ನಿನಲ್ಲಿ ಶುರುವಾಯಿತು ಎಂಬುದೊಂದೇ ಪಿಂಚಣಿ ನಿರಾಕರಿಸಲು ಕಾರಣವಾಗದು ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಸ್ಪಷ್ಟವಾಗಿ ಹೇಳಿತು. ಸೇವೆ ಕಾರಣವಲ್ಲ ಎಂದರೆ ಮತ್ತಾವುದು ಕಾರಣ ಎಂದು ಮಂಡಳಿಯೇ ಹೇಳಬೇಕು ಎಂಬುದು ಅದರ ನಿಲುವು.

ರೋಗಿಯನ್ನು ನೋಡದೆ ಬರೆದ ಅಭಿಪ್ರಾಯದ ಬಗ್ಗೆಯೂ ನ್ಯಾಯಾಲಯ ಹಿಂದೆಯೇ ಮಾತಾಡಿದೆ. ಒಂದು ಕಾಲದಲ್ಲಿ ಮೆಡಿಕಲ್ ಬೋರ್ಡ್ ‘ಹೌದು’ ಎಂದು ಬರೆದರೂ, ಅಲಹಾಬಾದಿನ ಪಿಂಚಣಿ ಲೆಕ್ಕಪತ್ರ ಕಚೇರಿ ಕಡತವನ್ನಷ್ಟೇ ನೋಡಿ ‘ಇಲ್ಲ’ ಎನ್ನುತ್ತಿತ್ತು. 1993ರಲ್ಲಿ ಮಾಜಿ ಸ್ಯಾಪರ್ ಒಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಸೈನಿಕನನ್ನು ಇನ್ನೊಂದು ಉನ್ನತ ವೈದ್ಯಕೀಯ ಮಂಡಳಿ ಪರೀಕ್ಷಿಸದೆ, ಮೊದಲ ಮಂಡಳಿಯ ಅಭಿಪ್ರಾಯವನ್ನು ಲೆಕ್ಕಪತ್ರ ಕಚೇರಿ ಬದಲಿಸುವಂತಿಲ್ಲ ಎಂದಿತು.

ಎಲ್ಲರೂ ಗೆಲ್ಲುವುದಿಲ್ಲ

ಇಷ್ಟು ಓದಿದವರಿಗೆ ಮೇಲ್ಮನವಿ ಹಾಕಿದರೆ ಸಾಕು, ಪಿಂಚಣಿ ಬಂದೇಬಿಡುತ್ತದೆ ಎನಿಸಬಾರದು. 2019ರ ಅಕ್ಟೋಬರ್‌ನಲ್ಲಿ ಸ್ಕಿಜೋಫ್ರೇನಿಯಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸೈನಿಕನ ಕೋರಿಕೆಯನ್ನು ಒಪ್ಪಲಿಲ್ಲ. ಮನೋರೋಗ ಸೇರ್ಪಡೆಯ ತಪಾಸಣೆಯಲ್ಲಿ ಪತ್ತೆಯಾಗುವಂಥದ್ದಲ್ಲ, ಹಾಗಾಗಿ ‘ಸೇರುವಾಗ ದಾಖಲಾಗಿಲ್ಲ’ ಎಂಬ ಒಂದೇ ವಾದವನ್ನು ಯಾಂತ್ರಿಕವಾಗಿ ಎಲ್ಲೆಡೆ ಹಚ್ಚುವಂತಿಲ್ಲ ಎಂದಿತು. 2025ರ ಮೇ ತಿಂಗಳಲ್ಲಿ ಅದೇ ಕಾಯಿಲೆಯ ಇನ್ನೊಂದು ಪ್ರಕರಣದಲ್ಲಿ ಫಲಿತಾಂಶ ತಿರುವುಮುರುವಾಯಿತು. ಅಲ್ಲಿ ವೈದ್ಯಕೀಯ ಅಭಿಪ್ರಾಯಕ್ಕೆ ಕಾರಣಗಳೇ ಇರಲಿಲ್ಲ, ಮತ್ತು ಆ ಕೊರತೆ ಇಡೀ ಪ್ರಕ್ರಿಯೆಯ ಬುಡಕ್ಕೇ ತಾಗುತ್ತದೆ ಎಂದು ನ್ಯಾಯಾಲಯ ಹೇಳಿತು. ಕಾಯಿಲೆಯ ಹೆಸರು ಒಂದೇ. ಕಾಗದದಲ್ಲಿ ಬರೆದ ಕಾರಣ ಬೇರೆ.

ನಿಯಮಗಳೂ ಬಿಗಿಯಾಗುತ್ತ ಬಂದಿವೆ. ಸೇವೆಯಲ್ಲಿದ್ದಾಗ ಕಾಯಿಲೆ ಕಾಣಿಸಿಕೊಂಡಿತು ಎಂದ ಮಾತ್ರಕ್ಕೆ ಅದು ಸೇವೆಯಿಂದ ಬಂದಂತಾಗದು ಎಂದು 2008ರ ನಿಯಮ ಹೇಳಿತು. ಸೇವೆ ಬಿಟ್ಟು 15 ವರ್ಷ ಕಳೆದ ಮೇಲೆ ಅರ್ಜಿ ಹಾಕಿದರೆ ರುಜುವಾತಿನ ಹೊಣೆ ಅರ್ಜಿದಾರನದೇ ಎಂದೂ ಬರೆಯಿತು. 2023ರ ಸೆಪ್ಟೆಂಬರ್ 21ರಿಂದ ಮತ್ತೆ ಹೊಸ ನಿಯಮ, ವೈದ್ಯರಿಗೆ ಹೊಸ ಮಾರ್ಗದರ್ಶಿ ಜಾರಿಗೆ ಬಂದವು. ಕಾಯಿಲೆಯಿದ್ದೂ ಸೇವೆಯಲ್ಲಿ ಮುಂದುವರಿದು ನಿವೃತ್ತರಾದವರ ಹಣಕ್ಕೆ ಈಗ ‘ಇಂಪೇರ್‌ಮೆಂಟ್ ರಿಲೀಫ್’ ಎಂದು ಹೆಸರು. ಹಳಬರಿಗೆ ಇದು ಅನ್ವಯಿಸುವುದಿಲ್ಲ ಎಂದು ಸರ್ಕಾರ ಹೇಳಿದೆ. ಆದ್ದರಿಂದ ತಮ್ಮ ನಿವೃತ್ತಿಯ ದಿನಾಂಕಕ್ಕೆ ಯಾವ ನಿಯಮ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಬಿಗಿ ಮಾಡಿದ್ದಕ್ಕೆ ಸರ್ಕಾರ ಕೊಡುವ ಕಾರಣ ದುರುಪಯೋಗ. ಜೀವನಶೈಲಿಯ ಕಾಯಿಲೆಗಳ ಹೆಸರಿನಲ್ಲಿ ಪಿಂಚಣಿ ಪಡೆಯುವವರು ಹೆಚ್ಚಿದ್ದಾರೆ, ಅದರಲ್ಲೂ ಜವಾನರಿಗಿಂತ ಅಧಿಕಾರಿಗಳ ಪ್ರಮಾಣ ಬಹಳ ಹೆಚ್ಚು ಎಂದು ಸಿಎಜಿ ವರದಿ ಗುರುತಿಸಿತ್ತು. ಇದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಅನರ್ಹರನ್ನು ತಡೆಯಲೇಬೇಕು. ಆದರೆ ತಡೆಯುವ ದಾರಿಯೂ ಕಾರಣ ಬರೆದ, ಪರೀಕ್ಷೆ ಮಾಡಿದ ಅಭಿಪ್ರಾಯವೇ. ಎಲ್ಲರಿಗೂ ಒಂದೇ ಷರಾ ಹಚ್ಚಿದರೆ ಪೆಟ್ಟು ಬೀಳುವುದು ವಕೀಲರನ್ನು ಇಡಲಾಗದ ಸಿಪಾಯಿಗೆ. ಮನೋಹರ ಪರ್ರೀಕರ್ ರಕ್ಷಣಾ ಸಚಿವರಾಗಿದ್ದಾಗ 2015ರಲ್ಲಿ ನೇಮಿಸಿದ ತಜ್ಞರ ಸಮಿತಿ ಕೂಡ, ಅಂಗವಿಕಲ ಸೈನಿಕರ ವಿರುದ್ಧ ಸರ್ಕಾರ ಮೇಲ್ಮನವಿಗಳ ಮೇಲೆ ಮೇಲ್ಮನವಿ ಹೂಡುವುದನ್ನು ಟೀಕಿಸಿತ್ತು.

ಸಿಯಾಚಿನ್ ಎಂದರೆ ಕನ್ನಡಿಗರಿಗೆ ನೆನಪಾಗುವುದು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿಯಲ್ಲಿ ಅಲ್ಲಿನ ಹಿಮಕುಸಿತದಲ್ಲಿ ಸಿಲುಕಿದ ಅವರಿಗಾಗಿ ಇಡೀ ದೇಶ ಪ್ರಾರ್ಥಿಸಿತು. ಅದೇ ಹಿಮದಲ್ಲಿ ಪಾಳಿ ಮುಗಿಸಿ ಇಳಿದು ಬಂದು, ಹತ್ತು ವರ್ಷದ ಮೇಲೆ ನಿಧಾನಕ್ಕೆ ಕಾಯಿಲೆ ಬೀಳುವವರು ಇದ್ದಾರೆ. ಅವರ ಊರಿಗೆ ಯಾವ ಕ್ಯಾಮೆರಾವೂ ಹೋಗುವುದಿಲ್ಲ. ಅವರ ಪಾಲಿಗೆ ದೇಶ ಎಂದರೆ ಆ ಬೋರ್ಡಿನ ಕಾಗದವೇ.

ಮೊದಲು ಕಾಗದ

ತಿರಸ್ಕಾರದ ಪತ್ರ ಬಂದವರು ಮೊದಲು ಮಾಡಬೇಕಾದದ್ದು ಆ ಪತ್ರಕ್ಕೆ ಉತ್ತರ ಬರೆಯುವುದಲ್ಲ, ಬೋರ್ಡಿನ ನಡಾವಳಿಯ ಪೂರ್ತಿ ನಕಲು ತರಿಸಿಕೊಳ್ಳುವುದು. ಇದರ ನಮೂನೆಗೆ ಎಎಫ್‌ಎಂಎಸ್‌ಎಫ್-16 ಎನ್ನುತ್ತಾರೆ. ಕೇಳಿದರೆ ರೆಕಾರ್ಡ್ ಆಫೀಸ್ ಕೊಡಬೇಕು. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಮದ್ರಾಸ್ ಎಂಜಿನಿಯರ್ಸ್‌ನವರಿಗೆ ಬೆಂಗಳೂರು, ಮರಾಠಾ ಲಘು ಪದಾತಿದಳದವರಿಗೆ ಬೆಳಗಾವಿ, ಸಿಗ್ನಲ್ಸ್‌ನವರಿಗೆ ಜಬಲ್ಪುರ ಹೀಗೆ ಒಂದೊಂದು ದಳಕ್ಕೆ ಒಂದೊಂದು ಕಡೆ ರೆಕಾರ್ಡ್ ಆಫೀಸ್ ಇದೆ. ಪಿಂಚಣಿಯಿಲ್ಲದೆ ಹೊರಬಿದ್ದವರ ದಾಖಲೆಗಳನ್ನು 25 ವರ್ಷದ ಬಳಿಕ ನಾಶ ಮಾಡುತ್ತಾರೆ. ಹಾಗಾಗಿ ತಡ ಮಾಡಿದಷ್ಟೂ ಪುರಾವೆ ಕೈತಪ್ಪುತ್ತದೆ.

ನಡಾವಳಿ ಕೈಗೆ ಬಂದ ಮೇಲೆ ಅದನ್ನು ನಿಧಾನವಾಗಿ ಓದಬೇಕು. ಮೊದಲ ಭಾಗದಲ್ಲಿ ಸೈನಿಕನ ಸ್ವಂತ ಹೇಳಿಕೆ ಇರುತ್ತದೆ. ಎಲ್ಲೆಲ್ಲಿ ಸೇವೆ ಸಲ್ಲಿಸಿದ, ಯಾವಾಗಿನಿಂದ ಯಾವಾಗಿನವರೆಗೆ, ಫೀಲ್ಡೋ ಪೀಸೋ, ಕಾಯಿಲೆ ಮೊದಲು ಕಂಡದ್ದು ಎಲ್ಲಿ. ಅವಸರದಲ್ಲಿ ರುಜು ಹಾಕಿದವರ ಹೇಳಿಕೆಯಲ್ಲಿ ಒಂದು ಫೀಲ್ಡ್ ಪೋಸ್ಟಿಂಗೇ ಬಿಟ್ಟುಹೋಗಿರಬಹುದು. ಮುಂದಿನ ಭಾಗದಲ್ಲಿ ಬೋರ್ಡಿನ ಅಭಿಪ್ರಾಯ ಮತ್ತು ಕಾರಣದ ಕಾಲಂ. ಅಲ್ಲಿ ಏನಿದೆ, ಏನಿಲ್ಲ ಎಂಬುದರ ಮೇಲೆ ಮೇಲ್ಮನವಿ ನಿಲ್ಲುತ್ತದೆ.

ಇದರ ಜೊತೆಗೆ ಸೇರ್ಪಡೆಯ ದಿನದ ತಪಾಸಣಾ ವರದಿ, ಆಸ್ಪತ್ರೆ ಸೇರಿದ್ದಾಗಿನ ದಾಖಲೆ, ವೈದ್ಯಕೀಯ ದರ್ಜೆ ಇಳಿಸಿದಾಗಿನ ಹಳೆಯ ಬೋರ್ಡಿನ ನಡಾವಳಿಗಳು ಬೇಕು. ಗಾಯವಾಗಿದ್ದರೆ ಐಎಎಫ್‌ವೈ-2006 ಎಂಬ ಗಾಯದ ವರದಿ ಮತ್ತು ತನಿಖೆಯ ತೀರ್ಮಾನ. ಹಳೆಯ ಬೋರ್ಡೊಂದು ‘ಸೇವೆಯಿಂದ ಉಲ್ಬಣಿಸಿದೆ’ ಎಂದು ಬರೆದು, ಕೊನೆಯ ಬೋರ್ಡ್ ಕಾರಣವಿಲ್ಲದೆ ‘ಇಲ್ಲ’ ಎಂದಿದ್ದರೆ ಅದಕ್ಕಿಂತ ಬಲವಾದ ಅಸ್ತ್ರ ಬೇಡ.

ಡಾಕ್ಟರರ ಚೀಟಿ ಬೇರೆ, ಅಭಿಪ್ರಾಯ ಬೇರೆ

ಈಗ ಹೊರಗಿನ ವೈದ್ಯರ ವಿಚಾರ. ಅನೇಕರು ಊರಿನ ಡಾಕ್ಟರರ ಹತ್ತಿರ ಹೋಗಿ ಒಂದು ಸರ್ಟಿಫಿಕೇಟ್ ಬರೆಸಿ ತರುತ್ತಾರೆ. ‘ಇವರು ಕಳೆದ ಐದು ವರ್ಷದಿಂದ ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾರೆ. ಇದು ಸೇನೆಯ ಕೆಲಸದ ಒತ್ತಡದಿಂದ ಬಂದಿರಬಹುದು.’ ಕೆಳಗೆ ರುಜು, ಮೊಹರು. ಇದರಿಂದ ಹೆಚ್ಚೇನೂ ಆಗದು. ಕಾಯಿಲೆ ಇದೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ‘ಬಂದಿರಬಹುದು’ ಎಂಬ ಮಾತಿಗೆ ಆಧಾರವೇನು ಎಂದು ಕೇಳಿದರೆ ಚೀಟಿಯಲ್ಲಿ ಉತ್ತರವಿಲ್ಲ.

ಕಿವಿಯ ಉದಾಹರಣೆ ತೆಗೆದುಕೊಂಡರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಫಿರಂಗಿ ದಳದಲ್ಲಿ ಹದಿನೇಳು ವರ್ಷ ಇದ್ದವರೊಬ್ಬರ ಎಡಗಿವಿ ಮಂದವಾಗಿದೆ ಎನ್ನೋಣ. ಬೋರ್ಡ್ ಇದನ್ನು ವಯಸ್ಸಿನ ದೋಷ ಎಂದು ಬರೆದಿದೆ. ಕಿವಿ, ಮೂಗು, ಗಂಟಲು ತಜ್ಞರು ಆಡಿಯೋಗ್ರಾಂ ಮಾಡುತ್ತಾರೆ. ಸಣ್ಣ ಕಂಪನದಿಂದ ಹಿಡಿದು 8,000 ಹರ್ಟ್ಸ್‌ವರೆಗಿನ ಸದ್ದನ್ನು ಒಂದೊಂದಾಗಿ ಕೇಳಿಸಿ, ಯಾವುದು ಎಷ್ಟು ಜೋರಾದಾಗ ಕೇಳಿಸಿತು ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತಾರೆ. ವಯಸ್ಸಿನಿಂದ ಬಂದ ಕಿವುಡಾದರೆ ಗೆರೆ ಮೇಲಿನ ಕಂಪನಗಳ ಕಡೆಗೆ ಹೋದಂತೆ ಇಳಿಯುತ್ತಲೇ ಹೋಗುತ್ತದೆ. ಭಾರಿ ಸದ್ದಿನಿಂದ ಹಾನಿಯಾದ ಕಿವಿಯಲ್ಲಿ 4,000 ಹರ್ಟ್ಸ್ ಆಸುಪಾಸಿನಲ್ಲಿ ಗೆರೆ ಗುಂಡಿಗೆ ಬಿದ್ದಂತೆ ಕುಸಿದು, 8,000ದ ಹತ್ತಿರ ಮತ್ತೆ ಮೇಲೇಳುತ್ತದೆ. ಆ ಗುಂಡಿ ಸದ್ದಿನ ಕಡೆಗೆ ಬೆರಳು ತೋರಿಸುತ್ತದೆ.

ತಜ್ಞರು ಈಗ ಹೀಗೆ ಬರೆಯಬಹುದು: ನಾನು ಇವರ ಸೇರ್ಪಡೆ ವರದಿ ಮತ್ತು ಇಂಥ ವರ್ಷಗಳ ತಪಾಸಣಾ ವರದಿಗಳನ್ನು ಓದಿದ್ದೇನೆ. ಸೇರುವಾಗ ಎರಡೂ ಕಿವಿ ಸರಿಯಿದ್ದವು. ಇಂದಿನ ಆಡಿಯೋಗ್ರಾಂನಲ್ಲಿ 4,000 ಹರ್ಟ್ಸ್‌ನಲ್ಲಿ ಕುಸಿತವಿದೆ. ವಯಸ್ಸಿನ ಕಿವುಡಿನ ನಕ್ಷೆ ಹೀಗಿರುವುದಿಲ್ಲ. ಕಿವಿಯ ಸೋಂಕು, ಕಿವಿಗೆ ಹಾನಿ ಮಾಡುವ ಔಷಧಿಯ ಇತಿಹಾಸ ಇಲ್ಲ. ಇವರು ಇಷ್ಟು ವರ್ಷ ಫಿರಂಗಿಯ ಬಳಿ ಕೆಲಸ ಮಾಡಿದ್ದಾರೆ. ಆದ್ದರಿಂದ ಸೇವೆಯ ಸದ್ದೇ ಇದಕ್ಕೆ ಕಾರಣವಾಗಿರುವ ಸಂಭವ ಹೆಚ್ಚು. ಇದು ಅಭಿಪ್ರಾಯ. ಓದಿದ್ದೇನು, ಕಂಡದ್ದೇನು, ಬೇರೆ ಕಾರಣಗಳನ್ನು ಏಕೆ ಬಿಟ್ಟೆ ಎಂಬುದೆಲ್ಲ ಇದರಲ್ಲಿದೆ.

ಹೃದಯ, ರಕ್ತದೊತ್ತಡದ ಪ್ರಕರಣದಲ್ಲಿ ಇಷ್ಟು ಸ್ಪಷ್ಟವಾದ ನಕ್ಷೆ ಸಿಗುವುದಿಲ್ಲ. ಆದರೂ ತಂದೆಗೆ ಬಿ.ಪಿ. ಇತ್ತು, ಬೀಡಿ ಸೇದುತ್ತಿದ್ದರು ಎಂಬುದನ್ನು ಮುಚ್ಚಿಡದೆ, ಅದಿದ್ದೂ ಸೇವೆಯ ಪರಿಸ್ಥಿತಿ ಹೇಗೆ ಉಲ್ಬಣಕ್ಕೆ ದಾರಿ ಮಾಡಿತು ಎಂದು ಬರೆಯುವ ವೈದ್ಯರ ಮಾತಿಗೆ ತೂಕವಿರುತ್ತದೆ. ತೀರ ಎತ್ತರದಲ್ಲಿ ಬಹುಕಾಲ ಇದ್ದವರ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಅಂಥ ಕಡೆ ಇದ್ದಾಗಲೇ ಪಾರ್ಶ್ವವಾಯು ಹೊಡೆದಿದ್ದರೆ ವೈದ್ಯರು ಆ ಕೊಂಡಿಯನ್ನು ಹೆಸರಿಸಿ ಬರೆಯಬೇಕು.

ಅಮೆರಿಕದಲ್ಲಿ ಈ ಪದ್ಧತಿ ಬಹಳ ಬೆಳೆದಿದೆ. ಅಲ್ಲಿನ ಮಾಜಿ ಸೈನಿಕರು ಖಾಸಗಿ ವೈದ್ಯರಿಂದ ಸೇವೆಗೂ ಕಾಯಿಲೆಗೂ ಇರುವ ಕೊಂಡಿಯನ್ನು ವಿವರಿಸುವ ಪತ್ರ ಬರೆಸಿ ಮೇಲ್ಮನವಿಗೆ ಹಚ್ಚುತ್ತಾರೆ. ಪರ, ವಿರೋಧ ಸರಿಸಮ ಎಂದಾದರೂ ತೀರ್ಪು ಸೈನಿಕನ ಪರವೇ ಆಗಬೇಕು ಎಂಬುದು ಅಲ್ಲಿನ ಕಾನೂನು. ಅಲ್ಲಿನ ಮಾಜಿ ಸೈನಿಕರ ನ್ಯಾಯಾಲಯ 2008ರಲ್ಲಿ ಹೇಳಿದ್ದೂ ಇದನ್ನೇ: ವೈದ್ಯಕೀಯ ಅಭಿಪ್ರಾಯದ ಬೆಲೆ ಹೆಚ್ಚಾಗಿ ಅದರ ತರ್ಕದಿಂದ ಬರುತ್ತದೆ.

ನಮ್ಮಲ್ಲಿ ಖಾಸಗಿ ವೈದ್ಯರ ಪತ್ರಕ್ಕೆ ಅಷ್ಟು ಬಲವಿಲ್ಲ. ಸೇನಾ ಮಂಡಳಿಯೇ ತಜ್ಞ ಮಂಡಳಿ ಎಂದು ನ್ಯಾಯಾಲಯ ಮೊದಲು ಅದಕ್ಕೇ ಮನ್ನಣೆ ಕೊಡುತ್ತದೆ. ಹೊರಗಿನ ಅಭಿಪ್ರಾಯದ ಕೆಲಸ ಬೇರೆ. ಮಂಡಳಿ ನೋಡದೆ ಬಿಟ್ಟದ್ದನ್ನು ಅದು ಎತ್ತಿ ತೋರಿಸುತ್ತದೆ, ಮರುಪರೀಕ್ಷೆಗೆ ದಾರಿ ತೆರೆಯುತ್ತದೆ. ನ್ಯಾಯಮಂಡಳಿ ಅನೇಕ ಪ್ರಕರಣಗಳಲ್ಲಿ ಹೊಸದಾಗಿ ಮೆಡಿಕಲ್ ಬೋರ್ಡ್ ಕೂರಿಸಿ ಎಂದು ಆದೇಶಿಸುತ್ತದೆ. ಆ ಹೊಸ ಬೋರ್ಡಿನ ಮುಂದೆ ಹೋಗುವಾಗ ಕೈಯಲ್ಲಿ ಇಂಥ ಪತ್ರವಿದ್ದರೆ, ಅದನ್ನು ಓದಿ ಉತ್ತರಿಸದೆ ಹಳೆಯ ಷರಾವನ್ನೇ ಮತ್ತೆ ಬರೆಯುವುದು ಸುಲಭವಲ್ಲ.

ಯಾವ ಬಾಗಿಲು, ಯಾವಾಗ

ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಸೇನಾ ಪ್ರಧಾನ ಕಚೇರಿಯ ಮೊದಲ ಮೇಲ್ಮನವಿ ಸಮಿತಿಗೆ ಬರೆಯಬೇಕು. ಅಲ್ಲಿಯೂ ಆಗದಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯ ಸಮಿತಿ. ಈ ಹಂತದಲ್ಲಿ ವಕೀಲರು ಕಡ್ಡಾಯವಲ್ಲ. ‘ನಾನು ದೇಶಕ್ಕಾಗಿ ದುಡಿದಿದ್ದೇನೆ, ದಯವಿಟ್ಟು ಪರಿಗಣಿಸಿ’ ಎಂಬ ಮನವಿಗಿಂತ, ಬೋರ್ಡ್ ಇಂಥ ಕಾಲಂನಲ್ಲಿ ಕಾರಣ ಬರೆದಿಲ್ಲ, ಇಂಥ ಪೋಸ್ಟಿಂಗನ್ನು ಗಣಿಸಿಲ್ಲ, ಜೊತೆಗೆ ಲಗತ್ತಿಸಿದ ತಜ್ಞರ ಅಭಿಪ್ರಾಯ ಹೀಗಿದೆ ಎಂದು ಪುಟಸಂಖ್ಯೆ ಸಮೇತ ಬರೆದ ಎರಡು ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಮುಂದಿನದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಡಿ ಬಂದ ಇದು 2009ರಿಂದ ಕೆಲಸ ಮಾಡುತ್ತಿದೆ. ಪೀಠದಲ್ಲಿ ಒಬ್ಬ ನ್ಯಾಯಾಂಗ ಸದಸ್ಯರು, ಸೇನೆಯ ಹಿರಿಯ ಹುದ್ದೆಯಲ್ಲಿದ್ದ ಒಬ್ಬ ಆಡಳಿತ ಸದಸ್ಯರು ಇರುತ್ತಾರೆ. ಸೇನಾ ಸಮಿತಿ ಆರು ತಿಂಗಳಾದರೂ ಉತ್ತರಿಸದಿದ್ದರೆ ಕಾಯುತ್ತ ಕೂರಬೇಕಿಲ್ಲ, ನೇರವಾಗಿ ಇಲ್ಲಿಗೆ ಬರಬಹುದು. ಕರ್ನಾಟಕದಲ್ಲಿ ಇದರ ಕಾಯಂ ಪೀಠವಿಲ್ಲ ಎಂಬುದು ದೊಡ್ಡ ಕೊರತೆ. ದಕ್ಷಿಣದ ಪೀಠಗಳಿರುವುದು ಚೆನ್ನೈ ಮತ್ತು ಕೊಚ್ಚಿಯಲ್ಲಿ. ಕೊಡಗು, ಬೆಳಗಾವಿ, ವಿಜಯಪುರ, ಧಾರವಾಡದಂಥ ಜಿಲ್ಲೆಗಳಿಂದ ಇಷ್ಟು ಮಂದಿ ಸೇನೆಗೆ ಹೋಗುವ ರಾಜ್ಯಕ್ಕೆ ಒಂದು ಪೀಠ ಬೇಕೆಂಬ ಕೂಗಿನಲ್ಲಿ ನ್ಯಾಯವಿದೆ. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಅದಕ್ಕೂ ಮೊದಲಿನ ಕೆಲವು ವರ್ಷ ಬಹುತೇಕ ಸೈನಿಕರಿಗೆ ದೆಹಲಿಯ ಸುಪ್ರೀಂ ಕೋರ್ಟೇ ಗತಿಯಾಗಿತ್ತು.

ವಕೀಲರ ಖರ್ಚಿಗೆ ಹೆದರುವವರು ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಬೇಕು. ಈ ಕಚೇರಿಗಳಲ್ಲೇ ಉಚಿತ ಕಾನೂನು ನೆರವಿನ ಕೇಂದ್ರ ತೆರೆಯುವ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನದಂದು, ಆರಂಭಿಸಿದೆ.

ತಡವಾದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಪಿಂಚಣಿ ನಿರಾಕರಣೆ ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ, ಆದ್ದರಿಂದ ವಿಳಂಬದ ಒಂದೇ ಕಾರಣಕ್ಕೆ ಅರ್ಜಿ ತಳ್ಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಹಾಗೆ ತಡವಾಗಿ ಬಂದವರಿಗೆ ಹಿಂಬಾಕಿಯನ್ನು ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷಕ್ಕೆ ಮಾತ್ರ ಕೊಡುತ್ತಾರೆ. ಹದಿನೈದು ವರ್ಷ ಪತ್ರವನ್ನು ಟ್ರಂಕಿನಲ್ಲಿಟ್ಟವರು ಗೆದ್ದರೂ ಹನ್ನೆರಡು ವರ್ಷದ ಹಣ ಹೋಯಿತು. ತಿಂಗಳಿಗೆ 6,000ದ ಲೆಕ್ಕದಲ್ಲಿ ತುಟ್ಟಿಪರಿಹಾರ ಬಿಟ್ಟೇ ಅದು 8,64,000 ರೂಪಾಯಿ.